ಹಾಲೇಶನ ಕಂಪ್ಯೂಟರಿಗೆ ಮೀನಾಕ್ಷಿ ತೊಡಿಸಿದ ಚರ್ಮ

ಹಿರಿಯೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮೀನಾಕ್ಷಿಯ ಕೈ ಎಂಥದೆಂದರೆ, ಆಕೆ ಇಲ್ಲಿ ಒಬ್ಬನ ಕೆನ್ನೆಗೆ ಬಾರಿಸಿದರೆ ಅತ್ತ ಹೊಳಲ್ಕೆರೆಯಲ್ಲಿ ಇನ್ನೊಬ್ಬನ ಹಲ್ಲು ಅಲುಗಾಡುತ್ತದೆ. ಹರಿಯಬ್ಬೆಯ ಕುರಿಗಾಹಿ ಮನೆಯ ಮಗಳು. ಚಿಕ್ಕವಳಿದ್ದಾಗ ಮಂದೆಗೆ ಬಿದ್ದ ತೋಳವನ್ನು ಬಾಲ ಹಿಡಿದು ಗಿರಗಿರನೆ ತಿರುಗಿಸಿ ಬಿಟ್ಟಳಂತೆ. ಅದು ಆಂಧ್ರದ ಗಡಿಯಾಚೆ ಬಿದ್ದು ಇವತ್ತಿಗೂ ತೆಲುಗಿನಲ್ಲೇ ಊಳಿಡುತ್ತದಂತೆ. ನಾನು ಕೇಳಿಲ್ಲ, ಆದರೆ ನಂಬಿದ್ದೇನೆ.

ಇಂಥವಳಿಗೂ ಒಬ್ಬ ಎದುರಾಳಿ ಸಿಕ್ಕಿದ. ಹೊಸದುರ್ಗದ ರಸ್ತೆಯಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿರುವ ಹಾಲೇಶ. ಅವನಿಗೆ ಕೋಪ ಬಂದರೆ ಕಾಯಿಗಳು ಅಂಜಿ ತಾವಾಗಿಯೇ ಒಡೆದುಕೊಳ್ಳುತ್ತವೆ. ಅವನ ಕಂಪ್ಯೂಟರಿನಲ್ಲಿದ್ದದ್ದು ಹಳೆಯ ವಿಂಡೋಸ್. ಅದನ್ನು ಮಾಡಿದವರೇ ಕೈಬಿಟ್ಟಿದ್ದರು. ಹೊಸದನ್ನು ಹೊರುವ ತ್ರಾಣ ಯಂತ್ರಕ್ಕಿರಲಿಲ್ಲ. ಆನ್ ಮಾಡಿ ಕ್ಷೌರಕ್ಕೆ ಹೋಗಿ ಬಂದರೆ ಇನ್ನೂ ಚಕ್ರ ಸುತ್ತುತ್ತಲೇ ಇರುತ್ತಿತ್ತು, ಅಷ್ಟರಲ್ಲಿ ಗಡ್ಡ ಮತ್ತೆ ಬೆಳೆದಿರುತ್ತಿತ್ತು.

ಮೀನಾಕ್ಷಿಯ ಗಂಡ ನಾಗರಾಜ ಉಪಕಾರ ಮಾಡಲು ಹೋಗಿ, ಹೇಳದೆ ಕೇಳದೆ ವಿಂಡೋಸ್ ಅಳಿಸಿ, ಹಳೇ ಯಂತ್ರದಲ್ಲೂ ಹಗುರಾಗಿ ಓಡುವ ಲಿನಕ್ಸ್ ಹಾಕಿದ. ಬೆಳಿಗ್ಗೆ ಬಂದ ಹಾಲೇಶನಿಗೆ ತನ್ನ ಪರದೆಯೇ ಗುರುತು ಸಿಗಲಿಲ್ಲ. ಕಾಯಿ ಸುಲಿಯುವ ಹಾರೆ ಎತ್ತಿ ನಾಗರಾಜನ ಮುಂಗೈ ಮೇಲೆ ಇಳಿಸಿದ. ಮೂಳೆ ಮುರಿದ ಸದ್ದು ಹಮಾಲರಿಗೆಲ್ಲ ಕೇಳಿತು. ಈ ಮಾತಿಗೆ ನಾನು ಉಪ್ಪು ಖಾರ ಹಚ್ಚಿಲ್ಲ.

ಬೇರೆ ಯಾರೋ ಬಂದು ವಿಂಡೋಸನ್ನೂ ಹಾಲೇಶನ ಫೈಲುಗಳನ್ನೂ ವಾಪಸು ಕೂರಿಸಿದರು. ಯಂತ್ರ ಇನ್ನಷ್ಟು ಮಂದವಾಯಿತು. ಆಮೇಲೆ ಊರಿನ ಯಾವ ರಿಪೇರಿಯವನೂ ಆ ಮಂಡಿಯ ಮೆಟ್ಟಿಲು ತುಳಿಯಲಿಲ್ಲ. ಮೀನಾಕ್ಷಿ ತುಳಿದಳು.

"ಹಾಲೇಶಣ್ಣ, ಈ ಸಲ ಲಿನಕ್ಸು ಪೆನ್‌ಡ್ರೈವ್‌ನಾಗೇ ಐತೆ. ಚುಚ್ಚಿ ನೋಡ್ರಿ, ಬ್ಯಾಡಾದ್ರೆ ಕಿತ್ತಾಕ್ರಿ. ನಿಮ್ ಹಳೇದು ಹಂಗಂಗೇ ಇರ್ತೈತೆ."

"ಲೇ, ನಿನ್ ಗಂಡನ ಕೈ ಸಾಲ್ಲಿಲ್ವ?"

"ಆ ಕೈಗೋಸ್ಕರನೇ ಬಂದೀನಿ. ನಿಮ್ದು ಒಂದು ಫೈಲೂ ಕಳೀಲಿಲ್ಲ ಅಂದ್ರೆ ಬಂದು ಅವನ ಕಾಲು ಹಿಡ್ಕಂಡು ತಪ್ಪಾಯ್ತು ಅನ್ಬೇಕು."

"ಕಳೆದ್ರೆ?"

ಮೀನಾಕ್ಷಿ ಬಲಗೈಯನ್ನು ಮೇಜಿನ ಮೇಲಿಟ್ಟಳು. "ಇದನ್ನ ಕಡ್ಕಳ್ರಿ."

ಹಾಲೇಶ ಪಂದ್ಯಕ್ಕೆ ಒಪ್ಪಿದ. ಆದರೆ ಪರದೆ ಬೇರೆ ಬಣ್ಣದಲ್ಲಿ ಎದ್ದದ್ದೇ ತಡ, ಪೆನ್‌ಡ್ರೈವ್ ಕಿತ್ತು ಬೀದಿಗೆಸೆದು, ಕೀಬೋರ್ಡ್ ಎತ್ತಿ ಆಕೆಯ ಹಣೆಗೆ ಅಪ್ಪಳಿಸಿದ. ಕೀಗಳು ಕಾಳಿನಂತೆ ಚೆಲ್ಲಾಡಿದವು. ಆರಿಸಿ ತಿಂದ ಕೋಳಿಯೊಂದು ವಾರಗಟ್ಟಲೆ ಚೌಕದ ಮೊಟ್ಟೆ ಇಟ್ಟಿತು. ಮೀನಾಕ್ಷಿ ತಿರುಗಿ ಹೊಡೆಯಲಿಲ್ಲ. ನೆತ್ತರು ಒರೆಸಿಕೊಂಡು ನೇರ ಹರಿಯಬ್ಬೆಯ ಬಸ್ಸು ಹತ್ತಿದಳು.

ಅಲ್ಲಿ ತಾಯಿ ಮುದ್ದಕ್ಕ ಸತ್ತ ಕುರಿಮರಿಯ ಚರ್ಮ ಸುಲಿಯುತ್ತಿದ್ದಳು. ಪಕ್ಕದಲ್ಲೇ ತಬ್ಬಲಿ ಮರಿಯೊಂದು. ಮರಿ ಕಳೆದುಕೊಂಡ ತಾಯಿಕುರಿಯ ಕೆಚ್ಚಲಿಗೆ ಬಾಯಿಡಲು ಹೋಗಿ ಗುದ್ದಿಸಿಕೊಂಡು ಅದರ ಮೂತಿಯೆಲ್ಲ ರಕ್ತವಾಗಿತ್ತು. ಮುದ್ದಕ್ಕ ಹಸಿ ಚರ್ಮವನ್ನು ತಬ್ಬಲಿಗೆ ಅಂಗಿಯಂತೆ ತೊಡಿಸಿ ಮುಂದೆ ದೂಡಿದಳು. ಕುರಿ ಮೂಸಿತು, ಕಾಲು ಬಡಿಯಿತು, ಮತ್ತೆ ಮೂಸಿತು. ಆಮೇಲೆ ಸುಮ್ಮನೆ ನಿಂತು ಹಾಲು ಕೊಟ್ಟಿತು.

"ಅದಕ್ಕೆ ಗೊತ್ತಾಗಲ್ವೇನವ್ವ?"

"ಗೊತ್ತಾಗೋ ಹೊತ್ತಿಗೆ ಮರಿ ಮೈಯಾಗೆ ಅದರದೇ ಹಾಲಿನ ವಾಸ್ನೆ ಬಂದಿರ್ತೈತೆ ಕಣೆ. ಆಗ ಚರ್ಮ ಕಿತ್ತಾಕೋದು."

ಮೀನಾಕ್ಷಿ ಹಿರಿಯೂರಿಗೆ ಬಂದು ಇನ್ನೊಂದು ಪೆನ್‌ಡ್ರೈವ್‌ಗೆ ಲಿನಕ್ಸ್ ತುಂಬಿದಳು. ಹಿನ್ನೆಲೆಗೆ ಹಾಲೇಶ ಇಟ್ಟುಕೊಂಡಿದ್ದ ಅದೇ ತೇರುಮಲ್ಲೇಶ್ವರನ ಪಟ, ಕೆಳಗೆ ಅದೇ ನೀಲಿ ಪಟ್ಟಿ, ಕಸದ ಡಬ್ಬಿ ಅದೇ ಮೂಲೆಯಲ್ಲಿ. ಅವನ ಫೈಲುಗಳೆಲ್ಲ ಮೊದಲಿನ ಡಿಸ್ಕಿನಿಂದಲೇ ತೆರೆದುಕೊಳ್ಳುವಂತೆ, ಬರೆದದ್ದು ಅಲ್ಲಿಗೇ ಹೋಗುವಂತೆ ಮಾಡಿದಳು. ಮಂಡಿಗೆ ಹೋಗಿ ಅದನ್ನು ಚುಚ್ಚಿದಳು.

"ಅದೇ ಪಂದ್ಯ, ಹಾಲೇಶಣ್ಣ. ಇನ್ನೊಂದ್ಸಲ ನೋಡ್ರಿ."

ಹಾಲೇಶ ನೋಡಿದ. ತನ್ನ ಏಟಿಗೆ ಹೆದರಿ ಲಿನಕ್ಸು ಓಡಿಹೋಗಿದೆ, ವಿಂಡೋಸೇ ಮೈಕೊಡವಿ ಎದ್ದಿದೆ ಎಂದುಕೊಂಡ. ಯಂತ್ರ ಈಗ ಎಷ್ಟು ಚುರುಕೆಂದರೆ, ಕಾಯಿ ಮರದಿಂದ ಬೀಳುವ ಮೊದಲೇ ಬಿಲ್ಲು ಹೊರಬರುತ್ತಿತ್ತು. ಕೆಲವು ದಿನ ಅವನು ಯಾರಿಗೂ ಹೊಡೆಯಲಿಲ್ಲ, ಹಮಾಲರು ಗಾಬರಿಯಾದರು.

ಆದರೆ 'ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ' ಎಂದು ದಿನಾ ಹೆದರಿಸುತ್ತಿದ್ದ ಕೆಂಪು ಡಬ್ಬಿ ಬರಲೇ ಇಲ್ಲ. ಬೆದರಿಕೆಯಿಲ್ಲದೆ ಬೆಳಗಾದದ್ದು ಅವನಿಗೆ ಅನುಮಾನ ತಂದಿತು. ಅಲ್ಲಿ ಇಲ್ಲಿ ಒತ್ತುತ್ತ ಹೋದಾಗ ಲಿನಕ್ಸ್ ಎಂಬ ಹೆಸರು ಕಣ್ಣಿಗೆ ಬಿತ್ತು. ಹಾಗಾದರೆ ಫೈಲುಗಳೆಲ್ಲ ಹೋದವು! ಪೆನ್‌ಡ್ರೈವ್ ಕಿತ್ತು ಮಚ್ಚಿನಿಂದ ಎರಡು ತುಂಡು ಮಾಡಿ, ಅದೇ ಮಚ್ಚು ಹಿಡಿದು ಮೀನಾಕ್ಷಿಯ ಅಂಗಡಿಗೆ ನುಗ್ಗಿದ.

"ಇಡೇ ಕೈನ!"

ಮಚ್ಚು ಬೀಸಿದ ರಭಸಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ತಿಂಗಳು ಉದುರಿದವು. ಎರಡನೆಯ ಬೀಸು ಆಕೆಯ ತೋಳನ್ನು ಉದ್ದಕ್ಕೆ ಸೀಳಿತು. ಮೀನಾಕ್ಷಿ ಮೂಲೆಯ ಕುರಿ ಕಾಯುವ ಕೋಲು ಎತ್ತಿ ಅವನ ಮೊಣಕಾಲಿಗೆ ಕೊಟ್ಟಳು, ಮಚ್ಚು ಕಾಲಲ್ಲಿ ಒದ್ದಳು, ಕಾಲರ್ ಹಿಡಿದು ಅವನ ಕಾಯಿ ಮಂಡಿಯವರೆಗೂ ಎಳೆದೊಯ್ದಳು. ದಾರಿಯುದ್ದಕ್ಕೂ ಇಬ್ಬರ ರಕ್ತ.

"ಆನ್ ಮಾಡ್ರಿ. ಏನೇನ್ ಕಳೆದೈತೆ ತೋರಿಸ್ರಿ."

ಪೆನ್‌ಡ್ರೈವ್ ಇಲ್ಲದ್ದರಿಂದ ಹಳೆಯ ವಿಂಡೋಸೇ ಎದ್ದಿತು. ಒಂದೊಂದೇ ಫೈಲು ತೆರೆದ. ಎಲ್ಲವೂ ಇದ್ದವು, ಹಿಂದಿನ ದಿನ ಬರೆದದ್ದೂ ಇತ್ತು. ಹಾಲೇಶ ಬಾಯಿ ತೆರೆಯುವಷ್ಟರಲ್ಲಿ ಪರದೆ ನೀಲಿಯಾಗಿ, 'ಬಾಕಿಯಿದ್ದ ಹಳೆಯ ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ' ಎಂದು ಚಕ್ರ ಸುತ್ತತೊಡಗಿತು. ಹೊರಗೆ ಬಿಲ್ಲಿಗಾಗಿ ಕಾದು ಕಾದು ಸಿಟ್ಟಿಗೆದ್ದ ಲಾರಿ ಡ್ರೈವರುಗಳು ಜಾಕಿ ರಾಡು ಹಿಡಿದು ಒಳಗೆ ಬಂದರು.

"ಇನ್ನೊಂದು ಪೆನ್‌ಡ್ರೈವ್ ಐತೇನವ್ವ?" ಎಂದ ಹಾಲೇಶ.

"ಐತೆ. ನಾಗರಾಜ ಮನೇಲವ್ನೆ. ಹೋಗಾಣ ಬರ್ರಿ."

ಮನೆಯ ಜಗಲಿಯಲ್ಲಿ ಕೂತಿದ್ದ ನಾಗರಾಜನಿಗೆ ಏನೂ ತಿಳಿಯದು. ತನ್ನ ಕೈ ಮುರಿದ ಹಾಲೇಶ ಈಗ ರಕ್ತ ಸುರಿಸಿಕೊಂಡು ಬಂದು ಕಾಲಿನತ್ತ ಬಗ್ಗುತ್ತಿದ್ದಾನೆ! ಕಾಲೂ ಹೋಯಿತೆಂದು ಎಗರಿ ಒದ್ದ. ಹಾಲೇಶನ ಮುಂದಿನ ಹಲ್ಲು ಮುರಿದು ಅಂಗಳಕ್ಕೆ ಬಿತ್ತು.

ಹಾಲೇಶ ಮುಷ್ಟಿ ಎತ್ತಿದ. ಮೀನಾಕ್ಷಿ ನೋಡುತ್ತ ನಿಂತಳು. ಮುಷ್ಟಿ ಬಿಚ್ಚಿಕೊಂಡು ಕೆಳಗಿಳಿದು ನಾಗರಾಜನ ಪಾದ ಹಿಡಿಯಿತು.

"ತಪ್ಪಾಯ್ತು ಕಣಪ್ಪ," ಎಂದ, ರಕ್ತ ಉಗುಳಿ. ಮೀನಾಕ್ಷಿಯತ್ತ ತಿರುಗಿ, "ಆ ವಿಂಡೋಸ್ ಮುಂಡೇದನ್ನ ಇವತ್ತೇ ಅಳಿಸಾಕು!"

"ಊಹೂಂ. ಸಿಟ್ಟಿನಾಗೆ ಅಳಿಸ್ಬಾರ್ದು. ನಿಮ್ ಸಿಟ್ಟು ಇಳಿದ ದಿನ ಹೇಳ್ರಿ, ಅಳಿಸ್ತೀನಿ."

ಅವನ ಕಂಪ್ಯೂಟರಿನಲ್ಲಿ ಇವತ್ತಿಗೂ ವಿಂಡೋಸೂ ಲಿನಕ್ಸೂ ಎರಡೂ ಇವೆ.