ಬಾವಿಕಟ್ಟೆಯ ಪಾಠಕ್ಕೆ ಯುದ್ಧದ ರಾಗ

ಬಿಜೈಯ ನಮ್ಮ ಮನೆಯಲ್ಲಿ ಮಾತಾಡಲು ತುಳು, ಹಾಡಲು ಕನ್ನಡ. ಆಟಿ ತಿಂಗಳ ಮಳೆಗೆ ಗದ್ದೆ ಕೆಲಸ ನಿಂತಾಗ ಪ್ರತಿ ಸಂಜೆ ಮನೆಯ ಚಾವಡಿಯಲ್ಲಿ ಕಾವ್ಯ ಓದುವ ಕ್ರಮವಿತ್ತು. ಮಾವ ರಾಗ ಹಾಕಿ ಒಂದು ಪದ್ಯ ಓದಿ ನಿಲ್ಲಿಸುವರು. ಅಜ್ಜಿ ಅದರ ಅರ್ಥವನ್ನು ತುಳುವಿನಲ್ಲಿ ಬಿಡಿಸಿ ಹೇಳುವರು. ಅಜ್ಜಿಗೆ ಓದಲು ಒಂದಕ್ಷರವೂ ಬಾರದು. ಕೇಳಿ ಕೇಳಿ ಕಲಿತ ಕನ್ನಡ ಅವರದು. ನಾನು ಮಾವನ ಬೆರಳು ಹೋದಲ್ಲೆಲ್ಲ ಕಣ್ಣು ಓಡಿಸಿ ಅಕ್ಷರ ಕಲಿತೆ. ಯುದ್ಧದ ಪದ್ಯ ಬಂದರಂತೂ ನಾನು ಕುಳಿತಲ್ಲಿ ಕುಳಿತಿರುತ್ತಿರಲಿಲ್ಲ!

ಒಂಬತ್ತು ತುಂಬಿದಾಗ ಶಾಲೆಗೆ ಹೋಗುತ್ತೇನೆಂದು ಹಟ ಹಿಡಿದೆ. ಮೂರನೇ ಕ್ಲಾಸಿಗೆ ಸೇರಿಸಿಕೊಂಡರೆ ಸರಿ, ಇಷ್ಟು ದೊಡ್ಡ ಹುಡುಗಿ ಒಂದನೇ ಕ್ಲಾಸಿನ ಮಕ್ಕಳ ಜೊತೆ ಕೂರುವುದು ಬೇಡ, ಇಲ್ಲದಿದ್ದರೆ ಮನೆಯಲ್ಲೇ ಇರಲಿ ಎಂದರು ಅಪ್ಪ. ಅಜ್ಜಿ ನನ್ನ ಕೈಹಿಡಿದು ಹಂಪನಕಟ್ಟೆಯ ಹತ್ತಿರದ ಶಾಲೆಗೆ ಹೊರಟೇಬಿಟ್ಟರು.

ಹೆಡ್ಮಾಸ್ಟರು ಮೂರನೇ ಕ್ಲಾಸಿನ ಪುಸ್ತಕ ಬಿಡಿಸಿ ಕೊಟ್ಟು, "ಓದು, ನೋಡುವ" ಎಂದರು.

ರಾಗವಿಲ್ಲದೆ ಓದುವುದೂ ಉಂಟೆಂದು ನನಗೆ ಗೊತ್ತಿರಲಿಲ್ಲ. ಉಸಿರು ತುಂಬಿಕೊಂಡು, ನನ್ನ ಪ್ರೀತಿಯ ಯುದ್ಧದ ರಾಗದಲ್ಲೇ ಎತ್ತಿದೆ: "ಬಾವಿಕಟ್ಟೆಯ ಮೇಲೆ ಪಾತ್ರೆ ತೊಳೆಯಬಾರದು." ಪಕ್ಕದ ಕ್ಲಾಸಿನ ಮಕ್ಕಳೆಲ್ಲ ಕಿಟಕಿಗೆ ಬಂದರು. ನಾನು ಕ್ರಮದಂತೆ ನಿಲ್ಲಿಸಿ, ಅರ್ಥಕ್ಕಾಗಿ ಕಾದೆ.

ಬಾಗಿಲಲ್ಲಿದ್ದ ಅಜ್ಜಿ ಗಂಟಲು ಸರಿಮಾಡಿಕೊಂಡು ತುಳುವಿನಲ್ಲಿ ಶುರುಮಾಡಿಯೇ ಬಿಟ್ಟರು. ಬಾವಿ ಎಂದರೆ ಊರಿನ ಪ್ರಾಣ, ಅದರ ಕಟ್ಟೆಯಲ್ಲಿ ಮೀನಿನ ಪಾತ್ರೆ ತೊಳೆಯುವವರಿಗೆ ನರಕವೇ ಗತಿ, ನಮ್ಮ ನೆರೆಮನೆಯವಳಿಗೆ ಎಷ್ಟು ಹೇಳಿದರೂ ತಿಳಿಯುವುದಿಲ್ಲ!

"ಎಂತ ಇದು ಮಾರಾಯ್ರೆ! ಪರೀಕ್ಷೆ ನಿಮಗಲ್ಲ, ಮಗುವಿಗೆ" ಎಂದರು ಹೆಡ್ಮಾಸ್ಟರು.

"ಅವಳು ಓದಿ ನಿಲ್ಲಿಸಿದಳಲ್ಲ? ಅರ್ಥ ಯಾರು ಹೇಳ್ತಾರೆ ಮತ್ತೆ?"

ಹೆಡ್ಮಾಸ್ಟರು ನಗು ತಡೆದುಕೊಂಡು ನನ್ನತ್ತ ತಿರುಗಿದರು. "ಮುಂದಿನದಕ್ಕೆ ಅರ್ಥ ನೀನೇ ಹೇಳು. ಕನ್ನಡದಲ್ಲಿ."

ಮುಂದಿನ ಸಾಲಿಗೆ ಬೆರಳಿಟ್ಟೆ. ಓದಿದೆ. ಅರ್ಥ ಹೇಳಲು ಬಾಯಿ ತೆರೆದೆ. "ಕೊಳಕು ನೀರು ಒಳಗೆ ಇಳಿದರೆ, ಕುಡಿದವರಿಗೆ ಕಾಯಿಲೆ ಬರ್ತದೆ." ಅಬ್ಬಾ! ಅದು ರಾಗವಿಲ್ಲದೆ ನಾನಾಡಿದ ಮೊದಲ ಕನ್ನಡ ವಾಕ್ಯ. ಯಾರದೋ ಪದ್ಯವಲ್ಲ, ನನ್ನದೇ ಮಾತು! ಇನ್ನೊಂದು ಹೇಳಿದೆ, ಮತ್ತೊಂದು ಹೇಳಿದೆ. ಸಾಕೆಂದು ಅವರೇ ಕೈ ಎತ್ತಬೇಕಾಯಿತು.

ರಿಜಿಸ್ಟರಿನಲ್ಲಿ ನನ್ನ ಹೆಸರು ಬಿತ್ತು, ಮೂರನೇ ಕ್ಲಾಸಿಗೆ. ಸಂತೋಷಕ್ಕೆ ನನಗೆ ನೆಲವೇ ಕಾಣುತ್ತಿರಲಿಲ್ಲ.

ಅಜ್ಜಿ ಸೆರಗು ಸರಿಮಾಡಿಕೊಂಡು ಕೇಳಿದರು: "ನಾಳೆ ನಾವು ಎಷ್ಟು ಗಂಟೆಗೆ ಬರ್ಬೇಕು?"

"ಮಗು ಬಂದರೆ ಸಾಕು" ಎಂದರು ಹೆಡ್ಮಾಸ್ಟರು, ಮೆಲ್ಲಗೆ.

ಬರುವಾಗ ನನ್ನ ಕೈಹಿಡಿದು ಮುಂದೆ ನಡೆದಿದ್ದ ಅಜ್ಜಿ, ಹೋಗುವಾಗ ನನ್ನ ಹಿಂದೆ ಹಿಂದೆಯೇ ಬಂದರು. ಮನೆಯ ಮೆಟ್ಟಿಲಲ್ಲಿ ನಾನೇ ಹೇಳಿದೆ, ದಿನವೂ ಸಂಜೆ ಆ ದಿನದ ಪಾಠವನ್ನು ಚಾವಡಿಯಲ್ಲಿ ಓದಿ ನಿಲ್ಲಿಸುತ್ತೇನೆ ಎಂದು.

ಅಜ್ಜಿ ನನ್ನ ಮುಖ ನೋಡಿದರು. "ರಾಗ ಹಾಕಿಯೇ ಓದಬೇಕು" ಎಂದರು.