ಗೋಡೆ ಬದಿಯ ರೇಲಿಂಗ್

ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ಸೀಟಿ ಊದಿ ನಿವೃತ್ತರಾದ ಡ್ರಿಲ್ ಮೇಷ್ಟ್ರಿಗೆ ಕೇಳುವುದಕ್ಕಿಂತ ಹೇಳುವುದೇ ಅಭ್ಯಾಸ. ಹೆಂಡತಿಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿದಾಗ, ಇನ್ನು ಮೇಲೆ ಕೆಳಗಿನ ಕೋಣೆಯಲ್ಲೇ ಇರಬೇಕೆಂದು ಅಪ್ಪಣೆ ಮಾಡಿದರು. ಮಹಡಿಯ ಕಿಟಕಿ ಪಕ್ಕ ಕೂತು ಓದುವುದೆಂದರೆ ಆಕೆಗೆ ಜೀವ. ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಮೆಟ್ಟಿಲು ಹತ್ತುವಾಗ ಎಡಕ್ಕೆ ಗೋಡೆ, ಬಲಕ್ಕೆ ಬಯಲು. ಆ ಬಯಲು ಬದಿಗೆ ಮೇಷ್ಟ್ರು ತಾವೇ ಮರದ ರೇಲಿಂಗ್ ಕೂರಿಸಲು ಹೊರಟರು. ಬಡಗಿ ಬರುತ್ತೇನೆಂದರೂ ಬೇಡವೆಂದರು. ಎರಡು ಕಂಬ ಗಿಡ್ಡ ಕೊಯ್ದು ಹಾಳುಮಾಡಿ, ಹತ್ತು ದಿನ ಉಜ್ಜಿ, ಪಾಲಿಶ್ ಹಚ್ಚಿ ಮುಗಿಸಿದರು. ಆಕೆ ಎಡಗೈಯಲ್ಲಿ ಹಿಡಿದು ಸಲೀಸಾಗಿ ಇಳಿದು ಬಂದದ್ದನ್ನು ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬೇಗ ಮನೆಗೆ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಆಕೆ ಮೆಟ್ಟಿಲಿಗೆ ಬೆನ್ನು ಮಾಡಿ, ಎಡಗೈಯಲ್ಲಿ ರೇಲಿಂಗ್ ಹಿಡಿದು, ಹಿಮ್ಮಡಿಯಿಂದ ತಡವುತ್ತಾ ಹಿಂದು ಹಿಂದಕ್ಕೆ ಹತ್ತುತ್ತಿದ್ದಳು. ಕೂಗಿದರೆ ಬೆಚ್ಚಿ ಬಿದ್ದಾಳೆಂದು ಮೇಷ್ಟ್ರು ಉಸಿರು ಬಿಗಿಹಿಡಿದರು. ಆಕೆ ಮೇಲೆ ಹೋಗಿ ಕೂತ ಮೇಲೆ ತಾವೂ ಹತ್ತಿದರು.

"ಎಷ್ಟು ದಿನದಿಂದ ಹೀಗೆ?"

"ಹಾಕಿದ ದಿನದಿಂದಾನೇ. ಇಳಿಯೋವಾಗ ಎಡಗೈಗೆ ಸಿಗುತ್ತೆ. ಹತ್ತೋವಾಗ ಬಲಗಡೆ ಬರುತ್ತಲ್ಲ."

"ಹೇಳ್ಬಾರದಾಗಿತ್ತೇನೇ?"

ಆಕೆ ಪುಸ್ತಕದ ಹಾಳೆ ಸವರಿದಳು. "ನೀವು ಕೇಳ್ಲಿಲ್ಲ. ಆಮೇಲೆ ಅಷ್ಟು ಅಕ್ಕರೆಯಿಂದ ಉಜ್ಜೋದು ನೋಡಿ, ಹೇಳೋಕೆ ಮನಸ್ಸೇ ಬರ್ಲಿಲ್ಲ."

ಮರುದಿನ ಮೇಷ್ಟ್ರು ಬಲಗೈಯನ್ನು ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳಂತೆಯೇ ಹಿಮ್ಮುಖವಾಗಿ ಹತ್ತಿ ನೋಡಿದರು. ಐದನೇ ಮೆಟ್ಟಿಲಿನ ಅಂಚಿಗೆ ಹಿಮ್ಮಡಿ ತಗುಲಿ ಜಾರಿತು. ಅಲ್ಲೇ ಕೂತರು.

ಆಮೇಲೆ ಬಡಗಿಯನ್ನು ಕರೆಸಿದರು. ಗೋಡೆ ಬದಿಗೂ ಒಂದು ರೇಲಿಂಗ್ ಬೇಕು ಎಂದರು. ಎತ್ತರ ಎಷ್ಟಿರಲಿ ಎಂದು ಬಡಗಿ ಕೇಳಿದಾಗ ಅಳತೆ ಅವರ ನಾಲಿಗೆಯ ತುದಿಯಲ್ಲೇ ಇತ್ತು.

"ಅವಳನ್ನ ಕೇಳಪ್ಪ," ಎಂದರು.

ಆಕೆ ಮೆಟ್ಟಿಲು ಮೆಟ್ಟಿಲಿಗೂ ಎಡ ಅಂಗೈಯನ್ನು ಗೋಡೆಗೆ ಊರಿ ತೋರಿಸಿದಳು. ಬಡಗಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದ. ಕೊನೆಯ ಮೆಟ್ಟಿಲು ದಾಟಿಯೂ ಒಂದು ಗೇಣು ಮುಂದಕ್ಕೆ ಬೇಕೆಂದಳು; ಅಲ್ಲಿಯೇ ತನಗೆ ಹೆಚ್ಚು ಭಯವಾಗುವುದಂತೆ. ಮೇಷ್ಟ್ರಿಗೆ ಅದು ಹೊಸ ಸಂಗತಿ. ಬಡಗಿ ಸ್ಕ್ರೂ ತಿರುಗಿಸುವಾಗ ಮರದ ತುದಿ ಹಿಡಿದು ನಿಂತರು.

ಸಂಜೆ ಆಕೆ ಮುಂದೆ ನೋಡಿಕೊಂಡು ಹತ್ತಿದಳು. ಮೇಷ್ಟ್ರು ಎರಡೂ ಕೈ ಚಾಚಿ ಹಿಂದೆಯೇ ಹೊರಟರು.

"ಸ್ವಲ್ಪ ಹಿಂದೆ ಬನ್ನಿ. ನಿಮ್ಮ ಉಸಿರು ಕತ್ತಿಗೆ ತಾಗ್ತಿದೆ," ಎಂದಳು.

ಮೇಷ್ಟ್ರು ಎರಡು ಮೆಟ್ಟಿಲು ಕೆಳಗಿಳಿದು ನಿಂತರು.