ಆರೋಗ್ಯಮ್ಮನ ಜಪಸರ
ಹುಣಸೂರಿನ ಚರ್ಚ್ ಬೀದಿಯಲ್ಲಿ ಸಂಜೆಯ ಜಪಸರ ಆರೋಗ್ಯಮ್ಮನ ಗಂಟಲಿನಿಂದಲೇ ಶುರುವಾಗಬೇಕು. ಪ್ರತಿ ಪ್ರಾರ್ಥನೆಯ ಮೊದಲ ಪಾಲು ಆಕೆಯದು, ಉಳಿದದ್ದು ಆಕೆಯ ಅಂಗಳದಲ್ಲಿ ನೆರೆದವರದು. ಆ ದನಿಗೆ ಮಾತೆ ಮರಿಯಮ್ಮನೂ ಸೆರಗು ಸರಿಮಾಡಿಕೊಳ್ಳುತ್ತಾಳೆಂದು ನಗುವವರುಂಟು. ಮಣಿ ಮಣಿಯ ನಡುವೆ ಕೋಳಿ ಅಟ್ಟುತ್ತಾಳೆ, ಸಾರಿನ ಉರಿ ತಗ್ಗಿಸೆಂದು ಸೊಸೆಗೆ ಸನ್ನೆ ಮಾಡುತ್ತಾಳೆ, ತೂಕಡಿಸುವ ತಮ್ಮ ರಾಯಪ್ಪನನ್ನು "ಏಳ್ಲಾ, ಮೋಕ್ಷದಲ್ಲಿ ಚಾಪೆ ಆಸವ್ರೆ, ಅಲ್ಲೋಗಿ ಮಲಗೀವಂತೆ" ಎಂದು ಗದರುತ್ತಾಳೆ. ಜಪ ಮಾತ್ರ ಎಂದೂ ತಪ್ಪಿದ್ದಿಲ್ಲ. ಮಗಳು ಸ್ಟೆಲ್ಲಾಳನ್ನು ಮಣ್ಣು ಮಾಡಿದ ಸಂಜೆ ಆಕೆ ಜಪಕ್ಕೆ ಬರಲಾರಳೆಂದೇ ಎಲ್ಲರೂ ಎಣಿಸಿದ್ದರು. ಬಂದಳು, ಎಂದಿನ ಜಾಗದಲ್ಲೇ ಕೂತಳು, ಮೊದಲ ಮಣಿಯನ್ನು ಬೆರಳಿಗೆ ತಂದುಕೊಂಡಳು. "ದೇವ್ರು ಅವ್ನೋ ಇಲ್ವೋ, ನಂಗೀಗ ಗೊತ್ತಾಯ್ತಿಲ್ಲ ಕಣ್ರಪ್ಪಾ. ಎರಡು ಪಾಲೂ ನೀವೇ ಹೇಳ್ಕಳಿ," ಎಂದಳು, "ಮಣಿ ಮಾತ್ರ ನಾನೇ ಜರುಗಿಸ್ತೀನಿ."